ಮರವಿದೆ, ಮರಿಯಿಲ್ಲ

ಮಗಾ,

ಹೋದ ಭಾನುವಾರ ನಾಟಾ ವ್ಯಾಪಾರಿಯೊಬ್ಬ ನಿನ್ನ ಜೊತೆ ಮೇಲಿನ ತೋಟ ಸುತ್ತಿದನಂತೆ. ಹೊನ್ನೆ, ನಂದಿ, ಮತ್ತಿ ಮರಗಳಿಗೆ ಟೇಪು ಹಿಡಿದು ಸುತ್ತಳತೆ ಬರೆದುಕೊಂಡನಂತೆ. ಪರ್ಮಿಟ್ಟು ತಾನೇ ಮಾಡಿಸುತ್ತೇನೆ, ಮರ ಹೋದ ಜಾಗಕ್ಕೆ ಸಿಲ್ವರ್ ಓಕ್ ಸಸಿಯನ್ನೂ ತಾನೇ ತಂದು ಕೊಡುತ್ತೇನೆ ಅಂದನಂತೆ. ಯಾರು ಹೇಳಿದರು ಎಂದು ಕೇಳಬೇಡ. ತೋಟದ ಸುದ್ದಿ ಹಳ್ಳದ ನೀರಿಗಿಂತ ಬೇಗ ಕೆಳಗಿಳಿಯುತ್ತದೆ.

ಫೋನಿನಲ್ಲಿ ಮಾತಾಡಹೊರಟರೆ ನನ್ನ ದನಿ ಏರುತ್ತದೆ, ನೀನು 'ಆಯ್ತು ದೊಡ್ಡಪ್ಪ' ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಹುಡುಗರು ನಮ್ಮ ಮೂಡಿಗೆರೆ ಸೀಮೆಯಲ್ಲಿ ನೀನೊಬ್ಬನೇ ಅಲ್ಲ, ಸಕಲೇಶಪುರ, ಕೊಪ್ಪ, ಸೋಮವಾರಪೇಟೆ ಕಡೆಯೂ ಇದ್ದಾರೆ. ಅವರಿಗೂ ತಲುಪಲಿ ಎಂದು ಇದನ್ನು ಪತ್ರಿಕೆಗೇ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಜಮೀನು ನಿನ್ನದು, ಸಾಲ ನಿನ್ನ ತಲೆಯ ಮೇಲಿದೆ, ತಂಗಿಯ ಮದುವೆಯೂ ನಿನ್ನ ಹೊಣೆ. ಕಡಿಯಬೇಡ ಎಂದು ಅಪ್ಪಣೆ ಕೊಡುವ ಹಕ್ಕು ನನಗಿಲ್ಲ. ಒಮ್ಮೆ ಕಡಿದು ಕೆಟ್ಟವನು ಎಂಬ ಕಾರಣಕ್ಕೆ ಕೇಳಿಕೊಳ್ಳುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಆ ಕಥೆ ನಿನಗೆ ಗೊತ್ತಿಲ್ಲ. ನಿನ್ನಪ್ಪನಿಗೆ ಗೊತ್ತಿತ್ತು, ಅವನು ಯಾರಿಗೂ ಹೇಳಲಿಲ್ಲ. 1994ರಲ್ಲಿ ಬ್ರೆಜಿಲ್‌ನಲ್ಲಿ ಕೊರೆಯುವ ಮಂಜು ಬಿದ್ದು ಅಲ್ಲಿನ ಕಾಫಿ ಗಿಡಗಳು ಸುಟ್ಟುಹೋದವು. ನಮ್ಮ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಅಲ್ಲಿಯತನಕ ಕಾಫಿ ಬೋರ್ಡಿನ ಪೂಲಿಗೆ ಹಾಕಿ ಕಂತಿನ ಹಣಕ್ಕಾಗಿ ಕಾಯುತ್ತಿದ್ದವರು ನಾವು. ಹೊರಗೆ ಮಾರುವ ಸ್ವಾತಂತ್ರ್ಯವೂ ಅದೇ ಕಾಲಕ್ಕೆ ಸಿಕ್ಕಿತ್ತು. ಕೈಯಲ್ಲಿ ಮೊದಲ ಸಲ ಕಟ್ಟು ನೋಟು ಕಂಡವನಿಗೆ ಇನ್ನೂ ಒಂದು ಕಟ್ಟು ಕಾಣಬೇಕು ಅನ್ನಿಸುವುದು ಸಹಜ. ಪಡುವಣ ಇಳಿಜಾರಿನ ಮೂರು ಎಕರೆ ಅರೇಬಿಕಾದಲ್ಲಿ ನೆರಳು ಜಾಸ್ತಿಯಾಯಿತು, ಬಿಸಿಲು ಬಿದ್ದರೆ ಫಸಲು ಹೆಚ್ಚುತ್ತದೆ ಎಂದು ಯಾರೋ ಅಂದರು. ನನಗೂ ಅದೇ ಬೇಕಿತ್ತು. ಇಪ್ಪತ್ತೆರಡು ಮರ ತೆಗೆಸಿದೆ. ಅವುಗಳಲ್ಲಿ ಎರಡು ಅತ್ತಿ, ಒಂದು ಬಸರಿ, ನಿನ್ನ ಮುತ್ತಜ್ಜನ ಕಾಲಕ್ಕೇ ದೊಡ್ಡದಾಗಿದ್ದ ಒಂದು ಹೆಬ್ಬಲಸು.

ಮೊದಲ ಎರಡು ವರ್ಷ ಫಸಲು ನಿಜಕ್ಕೂ ಏರಿತು. ಕುಯ್ಲಿನ ಸಮಯಕ್ಕೆ ಬಂದವರೆಲ್ಲ ಕಣ ನೋಡಿ ಹೊಗಳಿದರು. ಮೂರನೆಯ ವರ್ಷ ಅಲ್ಲೊಂದು ಇಲ್ಲೊಂದು ಗಿಡ ಹಳದಿಗಟ್ಟಿತು. ಐದನೆಯ ವರ್ಷ ಗಿಡ ಹಿಡಿದು ಅಲ್ಲಾಡಿಸಿದರೆ ಬುಡ ಮುರಿದು ಕೈಗೆ ಬರುತ್ತಿತ್ತು. ಬೋರರ್. ಬಿಳಿ ಕಾಂಡಕೊರಕ ಅನ್ನುತ್ತಾರಲ್ಲ, ಅದೇ. ಅದರ ತಾಯಿದುಂಬಿ ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಇನ್ನೊಮ್ಮೆ ಹಾರುತ್ತದೆ. ಬಿಸಿಲು ಬಿದ್ದು ಬೆಚ್ಚಗಾದ ಕಾಂಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ನಾನು ಮರ ಕಡಿದು ಅದಕ್ಕೆ ಆ ಬಿಸಿಲನ್ನು ಹಾಸಿಕೊಟ್ಟಿದ್ದೆ. ಹುಳ ಬಿದ್ದ ಗಿಡಗಳನ್ನು ಕಿತ್ತು ರಾಶಿ ಹಾಕಿ ಸುಟ್ಟೆವು. ಆ ಹೊಗೆ ನೋಡಲಾರದೆ ನಿನ್ನ ದೊಡ್ಡಮ್ಮ ಒಳಗೆ ಹೋಗಿ ಕೂತಳು. ಮತ್ತೆ ನೆಟ್ಟ ಗಿಡ ಫಸಲಿಗೆ ಬರುವ ಹೊತ್ತಿಗೆ ಕಾಫಿಯ ಬೆಲೆ ಪಾತಾಳ ಮುಟ್ಟಿತ್ತು. 2001, 2002ರ ಆ ವರ್ಷಗಳನ್ನು ಕಂಡ ಬೆಳೆಗಾರ ಯಾರೂ ಮರೆತಿಲ್ಲ.

ಈಗ ಎರಡು-ಮೂರು ವರ್ಷದಿಂದ ಕಾಫಿಗೆ ಮತ್ತೆ ಒಳ್ಳೆಯ ಬೆಲೆ ಬಂದಿದೆ. ನಾಟಾದವರು ಮತ್ತೆ ತೋಟ ಸುತ್ತುತ್ತಿದ್ದಾರೆ. ಅದಕ್ಕೇ ನನಗೆ ಭಯ.

ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ಬೋರರ್ ಬಗ್ಗೆ ಅಲ್ಲಿಯವರು ಕೊಡುವ ಸಲಹೆಗಳಲ್ಲಿ ಸರಿಯಾದ ನೆರಳು ಮುಂಚಿನ ಸಾಲಿನದು. ಮೇಲೆ ದೊಡ್ಡ ಮರಗಳ ಒಂದು ಅಂತಸ್ತು, ಕೆಳಗೆ ಹಾಲುವಾಣದ ಇನ್ನೊಂದು ಅಂತಸ್ತು. ಬಿಸಿಲು ಜರಡಿ ಹಿಡಿದ ಹಾಗೆ ಇಳಿಯಬೇಕು. ನೆರಳು ದಟ್ಟವಾದರೆ ಕೊಳೆರೋಗ, ತೆಳುವಾದರೆ ಬೋರರ್. ಇವೆರಡರ ನಡುವಿನ ಹದ ಹಿಡಿಯುವುದಕ್ಕೇ ಮರಗಸಿ ಇರುವುದು. ಕೊಂಬೆ ಹೆಚ್ಚಾಗಿದ್ದರೆ ಗಸಿ ಮಾಡಿಸು. ಕೊಂಬೆಯ ತೊಂದರೆಗೆ ಬುಡ ಕಡಿಯುವುದು ಯಾವ ನ್ಯಾಯ?

ಸಿಲ್ವರ್ ಓಕ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ತೋಟದಲ್ಲೂ ಇದೆ. ಆಸ್ಟ್ರೇಲಿಯಾದಿಂದ ಬಂದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಷ್ಟಕಾಲಕ್ಕೆ ಮಾರಬಹುದು. ಆದರೆ ತೋಟದ ತುಂಬ ಅದೊಂದೇ ಇದ್ದರೆ ಏನಾಗುತ್ತದೆ ಎಂದು ಬೇಸಿಗೆಯಲ್ಲಿ ಹೋಗಿ ನೋಡು. ನಾನು ಕಂಡ ಹಾಗೆ ಅದರ ತರಗು ಒಂದು ಮಳೆಗಾಲ ನೆನೆದರೂ ಬೇಗ ಮಣ್ಣಾಗುವುದಿಲ್ಲ. ಅತ್ತಿ, ಹಾಲುವಾಣದ ಎಲೆ ಎಲ್ಲಿ ಬಿತ್ತೆಂದು ಹುಡುಕಬೇಕು, ಅಷ್ಟು ಬೇಗ ಕರಗಿರುತ್ತದೆ. ಹಾಲುವಾಣ, ಹೊನ್ನೆ, ಬೀಟೆ ಮೂರೂ ದ್ವಿದಳ ಕುಲದವು, ಅವುಗಳ ಬೇರು ನೆಲಕ್ಕೆ ಸಾರಜನಕ ಕೊಡುತ್ತದೆ. ಹೊನ್ನೆ ಕಡಿದು ಮಾರಿದ ಹಣದಲ್ಲಿ ಯೂರಿಯಾ ತಂದು ಅದೇ ಬುಡಕ್ಕೆ ಹಾಕುವ ಲೆಕ್ಕ ನನಗಂತೂ ಅರ್ಥವಾಗಿಲ್ಲ.

ಕೆಳಗಿನ ರೊಬಸ್ಟಾ ತೋಟದ ಹಳ್ಳದ ಮೂಲೆಯಲ್ಲಿ ಗೋಣಿ ಮರವಿದೆಯಲ್ಲ, ಆ ವ್ಯಾಪಾರಿ ಅದರ ಕಡೆ ತಿರುಗಿಯೂ ನೋಡಿರಲಿಕ್ಕಿಲ್ಲ. ಗೋಣಿ ನಾಟಾಕ್ಕೆ ಬರುವುದಿಲ್ಲ, 'ಸುಮ್ಮನೆ ಜಾಗ ತಿನ್ನುತ್ತದೆ, ತೆಗೆಸಿಬಿಡಿ' ಅಂದಿರಬಹುದು. ಕಳೆದ ಫೆಬ್ರವರಿಯಲ್ಲಿ ಆ ಮರದ ಕೊಂಬೆಗಳಲ್ಲಿ ಹೆಜ್ಜೇನಿನ ಹದಿನೇಳು ತಟ್ಟಿ ಎಣಿಸಿದ್ದೇನೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ರೊಬಸ್ಟಾ ಹಾಗಲ್ಲ, ಅದಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದು ಎಂಟೋ ಹತ್ತೋ ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು-ಮೂರು ದಿನಕ್ಕೆ ಮುಗಿದುಹೋಗುತ್ತದೆ. ವರ್ಷದ ಫಸಲು ಆ ಎರಡು-ಮೂರು ದಿನದಲ್ಲಿ ತೀರ್ಮಾನವಾಗುತ್ತದೆ. ಆಗ ಗಾಳಿಯೂ ನೆರವಾಗುತ್ತದೆ, ಆದರೆ ಜೇನು ಮಾಡುವ ಕೆಲಸ ಗಾಳಿ ಒಂದರಿಂದ ಆಗದು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗು, ಮಲೆನಾಡಿನ ತುಡುವೆ ಜೇನಿನ ಪೆಟ್ಟಿಗೆಗಳು ಬರಿದಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯ ಹಿತ್ತಿಲಿನಲ್ಲಿ ಆರು ಪೆಟ್ಟಿಗೆ ಇದ್ದವು, ಒಂದೂ ಉಳಿಯಲಿಲ್ಲ. ತುಡುವೆಯನ್ನಾದರೆ ಮತ್ತೆ ತಂದು ಪೆಟ್ಟಿಗೆಯಲ್ಲಿ ಕೂರಿಸಬಹುದು. ಹೆಜ್ಜೇನನ್ನು ಹಾಗೆ ಸಾಕಲಾಗದು. ಎತ್ತರದ ಮರ, ಬಲವಾದ ಅಡ್ಡಕೊಂಬೆ ಸಿಕ್ಕರೆ ತಾನಾಗಿ ಬರುತ್ತದೆ. ಗೋಣಿಯಂಥ ಮರಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ ಎಂದ ಮಾತ್ರಕ್ಕೆ ಅದು ಏನೂ ದುಡಿಯುತ್ತಿಲ್ಲ ಎಂದು ತಿಳಿಯಬೇಡ. ಬೇಸಿಗೆಯಲ್ಲಿ ಕಾಡಿನ ಬೇರೆ ಹಣ್ಣು ಮುಗಿದಾಗಲೂ ಅತ್ತಿ, ಬಸರಿ, ಗೋಣಿಗಳಲ್ಲಿ ಯಾವುದಾದರೊಂದು ಮರ ಹಣ್ಣು ಬಿಟ್ಟಿರುತ್ತದೆ. ಮಂಗಟ್ಟೆ, ಕುಟ್ರು, ಪಿಕಳಾರ, ರಾತ್ರಿಯಾದರೆ ಬಾವಲಿ, ಪುನುಗುಬೆಕ್ಕು, ಎಲ್ಲವೂ ಅಲ್ಲಿಗೆ ಬರುತ್ತವೆ. ಬರುವಾಗ ಬೇರೆ ಕಡೆ ತಿಂದ ಬೀಜವನ್ನು ಹೊಟ್ಟೆಯಲ್ಲಿ ಹೊತ್ತು ತರುತ್ತವೆ. ನಿನ್ನ ತೋಟಕ್ಕೆ ಕೂಲಿಯಿಲ್ಲದೆ ಬೀಜ ಬಿತ್ತುವವರು ಇವರೇ.

ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು ಇಲ್ಲಿಂದ ಶುರು.

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳ ಕಳೆ ಕೆಲಸ ನಡೆಯುವಾಗ, ತೋಟದಲ್ಲಿ ನಿಂತಿದ್ದೆ. ಕಳೆ ಕೊಚ್ಚುತ್ತಿದ್ದ ಹಿರಿಯ ಹೆಂಗಸೊಬ್ಬಳು ಕತ್ತಿ ಎತ್ತಿದವಳು ಹಾಗೇ ತಡೆದು, 'ಅಯ್ಯಾ, ಇದು ಹೊನ್ನೆ ಮರಿ, ಬಿಡಲೋ ಕೊಚ್ಚಲೋ?' ಎಂದು ಕೇಳಿದಳು. ಗೇಣುದ್ದದ ಸಸಿ. ನಲವತ್ತು ವರ್ಷ ತೋಟ ಮಾಡಿದವನು ನಾನು, ಆ ಸಸಿ ನನಗೆ ಗುರುತೇ ಸಿಗಲಿಲ್ಲ. ಅವಳಿಗೆ ಸಿಕ್ಕಿತು. 'ಇಷ್ಟು ವರ್ಷ ಏನು ಮಾಡುತ್ತಿದ್ದೆ?' ಎಂದೆ. 'ಎಲ್ಲಾ ಕೊಚ್ಚುತ್ತಿದ್ದೆ. ಯಾರೂ ಬಿಡು ಅಂದಿರಲಿಲ್ಲ' ಎಂದಳು.

ಅವತ್ತು ಮಧ್ಯಾಹ್ನ ಅವಳನ್ನು ಕರೆದುಕೊಂಡು ಇಡೀ ತೋಟ ನಡೆದೆ. ತಲೆ ಎತ್ತಿ ನೋಡಿದರೆ ಅಜ್ಜ ಬಿಟ್ಟ ಮರ, ಅಪ್ಪ ಬಿಟ್ಟ ಮರ. ಕಣ್ಣು ಕೆಳಗಿಳಿಸಿದರೆ ಕಾಫಿ, ಅದರ ನಡುವೆ ಮೊಣಕಾಲೆತ್ತರದ ಒಳಗೆ ನೂರಾರು ಬಗೆಯ ಮೊಳಕೆ. ನಡುವಿನದು ಮಾತ್ರ ಇಲ್ಲ. ತೋಳಿನ ಗಾತ್ರದ ನಂದಿ ಇಲ್ಲ, ತೊಡೆಯ ಗಾತ್ರದ ಹೊನ್ನೆ ಇಲ್ಲ. ಐವತ್ತು ವರ್ಷದಿಂದ ವರ್ಷಕ್ಕೆರಡು ಸಲ ಕತ್ತಿ ಆಡಿದ್ದೇವೆ, ಈಚೆಗೆ ಕಳೆ ಯಂತ್ರ, ಅದೂ ಸಾಲದೆ ಕಳೆನಾಶಕ. ಹಳೆಯ ಮರ ಗಾಳಿಗೆ ಬಿದ್ದರೆ ಆ ಜಾಗಕ್ಕೆ ಬರುವ ವಾರಸುದಾರ ಒಬ್ಬನೂ ಇಲ್ಲ. ಹೊರಗಿನಿಂದ ಬಂದವರು 'ಎಂಥಾ ಕಾಡಿನಂಥ ತೋಟ!' ಅನ್ನುತ್ತಾರೆ. ಮಕ್ಕಳಿಲ್ಲದ ಮುದುಕರೇ ತುಂಬಿದ ಮನೆ ಅದು ಎಂದು ನನಗೆ ಅವತ್ತು ಕಂಡಿತು.

ಹಾಗಾಗಿ, ಮರ ಕಡಿಯದೇ ಇದ್ದರಷ್ಟೇ ಸಾಲದು ಮಗಾ. ಕಡಿಯದೆಯೂ ನಾವು ಕಾಡನ್ನು ಮುಗಿಸುತ್ತಿದ್ದೇವೆ, ಸದ್ದಿಲ್ಲದೆ, ವರ್ಷಕ್ಕೆರಡು ಸಲ, ಕೂಲಿ ಕೊಟ್ಟು. ಅದನ್ನು ನಿಲ್ಲಿಸುವುದಕ್ಕೆ ಸಸಿ ಕೊಳ್ಳಬೇಕಿಲ್ಲ, ಗುಂಡಿ ತೆಗೆಯಬೇಕಿಲ್ಲ, ನೀರು ಹೊರಬೇಕಿಲ್ಲ. ಎಕರೆಗೆ ಹತ್ತೋ ಹನ್ನೆರಡೋ ಸಸಿಯನ್ನು ಆರಿಸಿ, ಗುರುತು ಕಟ್ಟಿ, ಕತ್ತಿ ತಾಗದ ಹಾಗೆ ಬಿಡಬೇಕು, ಅಷ್ಟೇ. ಎಲ್ಲೆಲ್ಲೋ ಹುಟ್ಟಿದ್ದನ್ನೆಲ್ಲ ಬಿಡು ಎನ್ನುತ್ತಿಲ್ಲ, ಹಾಗೆ ಮಾಡಿದರೆ ಕಾಫಿ ಸಾಯುತ್ತದೆ. ಬಿದ್ದ ಮರದ ತೆರವಿನಲ್ಲಿ, ದರೆಯ ಮೇಲೆ, ಬೇಲಿಯಂಚಿನಲ್ಲಿ ಹುಟ್ಟಿದ್ದನ್ನು ಬಿಡು. ಯಾವುದು ಯಾವ ಸಸಿ ಎಂದು ನಿನಗೆ ಗೊತ್ತಾಗದಿದ್ದರೆ ನಾಚಿಕೆ ಬೇಡ, ಕಳೆ ತೆಗೆಯುವ ಹೆಂಗಸರನ್ನು ಕೇಳು. ನಮ್ಮ ಸೀಮೆಯ ಸಸ್ಯಶಾಸ್ತ್ರ ಇರುವುದು ಅವರ ಕೈಯಲ್ಲಿ. ಅವರಿಗೆ ವಯಸ್ಸಾಗಿದೆ, ಅವರ ಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಾರೆ. ಇನ್ನು ಹತ್ತು ವರ್ಷ ತಡೆದರೆ ಕೇಳೋಣವೆಂದರೂ ಹೇಳುವವರಿಲ್ಲ.

ನೀನು ಕೇಳುವ ಪ್ರಶ್ನೆ ನನಗೆ ಗೊತ್ತು. 'ಬೆಳೆಸಿ ಏನು ಮಾಡಲಿ ದೊಡ್ಡಪ್ಪ? ನಾಳೆ ಬೇಕೆಂದಾಗ ಕಡಿಯಲು ಬಿಡುವುದಿಲ್ಲವಲ್ಲ?' ನ್ಯಾಯವಾದ ಪ್ರಶ್ನೆ. 1976ರ ಮರ ಸಂರಕ್ಷಣಾ ಕಾಯಿದೆಯ ಪ್ರಕಾರ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಕಿಲ್ಲ, ಹೊನ್ನೆ ಕಡಿಯಲು ಬೇಕು. ಕೊಡಗಿನ ಎಷ್ಟೋ ಜಮೀನಿನಲ್ಲಿ ತೋಟ ರೈತನದು, ಮರ ಸರ್ಕಾರದ್ದು. ನಾನೇ ಒಮ್ಮೆ ಮನೆಯ ಮೇಲೆ ವಾಲಿದ್ದ ಒಂದು ಮರಕ್ಕಾಗಿ ಒಂದು ಕಚೇರಿಗೆ ಹನ್ನೊಂದು ತಿಂಗಳು ಅಲೆದಿದ್ದೇನೆ, ಕೊನೆಗೆ ಮರವೇ ದನದ ಕೊಟ್ಟಿಗೆಯ ಮೇಲೆ ಬಿತ್ತು. ಮರ ಉಳಿಯಲಿ ಎಂದು ಮಾಡಿದ ಕಾನೂನು ಸಸಿ ಕೊಲ್ಲುವ ಬುದ್ಧಿ ಕೊಟ್ಟಿದೆ. ಕಾಡುಮರ ದೊಡ್ಡದಾದರೆ ತೊಂದರೆ, ಚಿಕ್ಕದಿರುವಾಗಲೇ ಮುಗಿಸು ಎಂಬ ಮಾತು ಎಷ್ಟೋ ತೋಟದಲ್ಲಿ ಕೇಳಿದ್ದೇನೆ.

ಶ್ರೀಗಂಧದ ವಿಷಯ ನೋಡು. ಮನೆಯ ಹಿತ್ತಿಲಿನಲ್ಲಿ ಹುಟ್ಟಿದರೂ ಅದು ಸರ್ಕಾರದ್ದು ಎಂದಿದ್ದಷ್ಟು ಕಾಲ ರೈತ ಗಂಧದ ಸಸಿ ಕಂಡರೆ ಕಿತ್ತೆಸೆಯುತ್ತಿದ್ದ. 2001ರಲ್ಲಿ ಕಾನೂನು ತಿದ್ದಿ ಜಮೀನಿನವನೇ ಮರದ ಒಡೆಯ ಎಂದ ಮೇಲೆ ಅದೇ ರೈತ ದುಡ್ಡು ಕೊಟ್ಟು ಸಸಿ ತಂದು ನೆಡತೊಡಗಿದ. ಬೇರೆ ಮರಗಳಿಗೂ ಅಂಥದ್ದೊಂದು ದಾರಿ ಬೇಕು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟು ಬದುಕಿಸಿದ ಸಸಿಗೆ ಮೂರು ವರ್ಷ ಹಣ ಕೊಡುತ್ತಾರೆ. ಒಳ್ಳೆಯದೇ. ತಾನಾಗಿ ಹುಟ್ಟಿದ್ದನ್ನು ಉಳಿಸಿದವನಿಗೂ ಕೊಡಲಿ ಎಂದು ನಿಮ್ಮ ವಯಸ್ಸಿನವರು ಬೆಳೆಗಾರರ ಸಂಘದಲ್ಲಿ ಎದ್ದು ನಿಂತು ಕೇಳಬೇಕು. ನಾವು ಕೇಳಲಿಲ್ಲ, ಗೊಣಗಿದೆವು ಅಷ್ಟೇ. ಆದರೆ ಕಾನೂನು ಸರಿಹೋಗುವತನಕ ಮೊಳಕೆ ಕಾಯುವುದಿಲ್ಲ. ಈ ವರ್ಷ ಬಿಟ್ಟ ಸಸಿ ನಾಟಾ ಆಗುವ ಹೊತ್ತಿಗೆ ನಿನ್ನ ಮೊಮ್ಮಕ್ಕಳು ದೊಡ್ಡವರಾಗಿರುತ್ತಾರೆ. ಅಷ್ಟರಲ್ಲಿ ಎಷ್ಟು ಕಾನೂನು ಬರುತ್ತವೆಯೋ, ಎಷ್ಟು ಹೋಗುತ್ತವೆಯೋ.

ಆನೆಯ ಮಾತೂ ಇದೆ. ಹಲಸಿನ ವಾಸನೆಗೆ ಆನೆ ತೋಟಕ್ಕೆ ಬರುತ್ತದೆ, ಸಕಲೇಶಪುರ, ಆಲೂರು, ಈಗ ನಮ್ಮ ಕಡೆಯೂ ಜನ ಸತ್ತಿದ್ದಾರೆ. ಮನೆ ಪಕ್ಕದ, ಕೂಲಿಯವರ ಲೈನ್ ಮನೆ ಪಕ್ಕದ ಹಲಸನ್ನು ಕಡಿದವರನ್ನು ನಾನು ದೂರುವುದಿಲ್ಲ. ಅದು ಮನುಷ್ಯರ ಜೀವದ ಪ್ರಶ್ನೆ. ಎಳೆಗಾಯಿಯಲ್ಲೇ ಕೊಯ್ದು ಹಾಕಿ ಮರ ಉಳಿಸಿಕೊಂಡವರೂ ಇದ್ದಾರೆ. ಯಾವುದು ಆಗುತ್ತದೋ ನೋಡು.

ಹಳ್ಳದ ವಿಷಯದಲ್ಲಿ ಮಾತ್ರ ನಾನು ರಾಜಿ ಆಗುವುದಿಲ್ಲ. ಹಳ್ಳದ ಎರಡೂ ದಡದಲ್ಲಿ ಇಪ್ಪತ್ತಡಿಯಷ್ಟು ಜಾಗಕ್ಕೆ ಕತ್ತಿ, ಯಂತ್ರ, ಔಷಧಿ ಯಾವುದೂ ಬೇಡ. ಅಲ್ಲಿರುವ ವಾಟೆ, ಕೇದಗೆ, ಹೊಳೆದಾಸವಾಳ, ನೇರಳೆ ಇದ್ದ ಹಾಗೇ ಇರಲಿ. ನಿನ್ನ ಹಳ್ಳ ಇಳಿದು ಹೇಮಾವತಿ ಸೇರುತ್ತದೆ. ಜಾವಳಿಯಲ್ಲಿ ಹುಟ್ಟುವ ಆ ಹೊಳೆ ಗೊರೂರು ಅಣೆಕಟ್ಟಿಗೆ ಹೋಗುತ್ತದೆ, ಅಲ್ಲಿಂದ ನಾಲೆಯಲ್ಲಿ ತುಮಕೂರಿನವರ ಕೊಡಕ್ಕೂ ಹೋಗುತ್ತದೆ. ನಿನ್ನಪ್ಪ ಸಣ್ಣವನಿದ್ದಾಗ ಏಪ್ರಿಲ್‌ನಲ್ಲೂ ಆ ಹಳ್ಳದಲ್ಲಿ ಏಡಿ ಹಿಡಿಯುತ್ತಿದ್ದೆವು. ಈಗ ಫೆಬ್ರವರಿಗೇ ಕಲ್ಲು ಕಾಣುತ್ತದೆ, ಸ್ಪ್ರಿಂಕ್ಲರ್‌ಗೆ ನೀರಿಲ್ಲ ಎಂದು ಕೊಳವೆಬಾವಿ ಕೊರೆಸುತ್ತೀರಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು, ಮುಂದಿನ ವರ್ಷ ನಮ್ಮ ಮೂಡಿಗೆರೆಯ ಗುಡ್ಡಗಳೂ ಜಾರಿದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿ ಹೋದವು. ಮರವಿದ್ದರೆ ಗುಡ್ಡ ಜಾರುವುದೇ ಇಲ್ಲ ಎಂದು ನಾನು ಸುಳ್ಳು ಹೇಳಲಾರೆ, ಆ ಪರಿ ಮಳೆಗೆ ಕಾಡಿದ್ದ ಕಡೆಯೂ ಜಾರಿದೆ. ಆದರೆ ಆಳಕ್ಕೆ ಬೇರು ಬಿಟ್ಟ ಹಳೆಯ ಮರವನ್ನು ಇಳಿಜಾರಿನಿಂದ ತೆಗೆದು, ಅದರ ಬೇರು ಮಣ್ಣೊಳಗೆ ಕೊಳೆತು, ಮೇಲಿಂದ ಜೆಸಿಬಿಯಲ್ಲಿ ದರೆ ಕಡಿದು ರಸ್ತೆ ಮಾಡಿದ ಮೇಲೆ ಮಳೆಯನ್ನು ಮಾತ್ರ ಬೈದು ಕೂರುವುದು ಸರಿಯಲ್ಲ. ಮೇಲಿನ ತೋಟದ ಕಡಿದಾದ ಭಾಗದಲ್ಲಿ ಆ ವ್ಯಾಪಾರಿ ಗುರುತು ಹಾಕಿದ ಏಳು ಮರಗಳಿವೆಯಲ್ಲ, ಅವುಗಳ ನೇರ ಕೆಳಗೆ ಲೈನ್ ಮನೆಗಳಿವೆ. ಅದೊಂದನ್ನು ನೆನಪಿಡು.

ಇಷ್ಟೆಲ್ಲ ಲಾಭ-ನಷ್ಟದ ಲೆಕ್ಕ ಹೇಳಿದೆ, ಯಾಕೆಂದರೆ ತೋಟ ನಡೆಸುವವನಿಗೆ ಲೆಕ್ಕ ಬೇಕು. ಲೆಕ್ಕಕ್ಕೆ ಸಿಗದ್ದೂ ಒಂದಿದೆ. ನಮ್ಮ ಚೌಡಿಯ ಬನದಲ್ಲಿ ಕಾಲು ಎಕರೆಯೂ ಇಲ್ಲ. ಅಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಎತ್ತಿಲ್ಲ. ಕೊಡಗಿನಲ್ಲಿ ಇಂಥ ದೇವರಕಾಡುಗಳು ಸಾವಿರಕ್ಕೂ ಹೆಚ್ಚಿವೆ. ಅವುಗಳನ್ನು ನೂರಾರು ವರ್ಷ ಉಳಿಸಿದ್ದು ಬೇಲಿಯಲ್ಲ, ಗಾರ್ಡ್ ಅಲ್ಲ. ಇಲ್ಲಿ ಕೈ ಹಾಕುವುದಿಲ್ಲ ಎಂದು ಊರವರು ತಮಗೆ ತಾವೇ ಹಾಕಿಕೊಂಡ ಕಟ್ಟು. ನಿನಗೆ ಚೌಡಿಯಲ್ಲಿ ನಂಬಿಕೆ ಇದೆಯೋ ಇಲ್ಲವೋ ನಾನು ಕೇಳುವುದಿಲ್ಲ. ಆ ಕಟ್ಟಿನಲ್ಲಿ ನಂಬಿಕೆ ಇಡು.

ಈ ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಕುದುರೆಮುಖ, ಪುಷ್ಪಗಿರಿ, ನಾಗರಹೊಳೆಯ ಕಾಡುಗಳನ್ನು ಇಲಾಖೆ ಕಾಯುತ್ತದೆ. ಅವುಗಳ ನಡುವೆ ಹರಡಿರುವ ತೋಟದ ಮರಗಳನ್ನು ಕಾಯಲು ಯಾವ ಇಲಾಖೆಯೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವು ಉಳಿದರೆ ಹತ್ತು ಎಕರೆ, ಐದು ಎಕರೆಯ ನಿಮ್ಮಂಥವರು ಬಿಟ್ಟರೆ ಉಳಿಯುತ್ತವೆ. ಅಕ್ಕಪಕ್ಕದವರಿಗೆ ಉಪದೇಶ ಮಾಡಲು ಹೋಗಬೇಡ, ಮಲೆನಾಡಿನವರು ಉಪದೇಶ ಕೇಳುವ ಜನವಲ್ಲ. ನಿನ್ನ ರೊಬಸ್ಟಾ ಕಚ್ಚಿದ್ದು ಕಂಡರೆ ಬೇಲಿಯಾಚೆಯಿಂದ ತಾವಾಗಿ ಕೇಳುತ್ತಾರೆ. ಆಗ ಗೋಣಿ ಮರ ತೋರಿಸು.

ಸಾಲದ ಕಂತಿಗೆ ಈ ವರ್ಷ ಎಷ್ಟು ಕಡಿಮೆ ಬೀಳುತ್ತದೆ ಹೇಳು. ಹಳೆಯ ಗೋಡೌನಿನ ಹಿಂದೆ ನನ್ನ ಸಿಲ್ವರ್ ಓಕ್ ಹದಿನೈದು ಮಾರಾಟಕ್ಕೆ ಬಂದಿವೆ, ಅದರ ಹಣ ನಿನಗೆ ಕೊಡುತ್ತೇನೆ. ಕೈಗೆ ಬಂದಾಗ ವಾಪಸು ಕೊಡುವೆಯಂತೆ. ಆ ವ್ಯಾಪಾರಿಗೆ ಈ ವರ್ಷ ಬೇಡ ಎಂದು ಹೇಳಿ ಕಳಿಸು.

ಆಗಸ್ಟ್‌ನಲ್ಲಿ ಕಳೆ ಕೆಲಸ ಶುರುವಾಗುವ ಮುನ್ನಾದಿನ ನನಗೊಂದು ಫೋನ್ ಮಾಡು. ಮಂಡಿ ನೋವಿದೆ, ದರೆ ಹತ್ತುವುದು ನಿಧಾನ, ಆದರೂ ಬರುತ್ತೇನೆ. ಹೊನ್ನೆ ಗುರುತಿಸಿದ ಆ ಅಕ್ಕನನ್ನೂ ಕರೆದುಕೊಂಡು ಬರುತ್ತೇನೆ, ಅವಳ ದಿನದ ಕೂಲಿ ನನ್ನದು. ನಿನ್ನ ದೊಡ್ಡಮ್ಮ ಹಳೆಯದೊಂದು ಕೆಂಪು ಸೀರೆ ಎತ್ತಿಟ್ಟಿದ್ದಾಳೆ. ಹರಿದು ಪಟ್ಟಿ ಮಾಡಿ ಸಸಿಗಳಿಗೆ ಕಟ್ಟೋಣ.